ಸ್ಟ್ರೋಕ್ ಆದ ಕೈಗೆ ಬಾಲ್ ಬೇಡ, ಕೆಲಸ ಕೊಡಿ

ಲಕ್ವ ಹೊಡೆದವರನ್ನ ನೋಡೋಕೆ ಬರೋರಲ್ಲಿ ಒಬ್ರಾದ್ರೂ ಸ್ಮೈಲಿ ಬಾಲ್ ತಂದಿರ್ತಾರೆ, ದಿನಾ ಅದುಮ್ತಾ ಇರಿ ಕೈಗೆ ಶಕ್ತಿ ಬರುತ್ತೆ ಅಂತ. ಪಾಪ, ಒಳ್ಳೆ ಮನಸ್ಸಿಂದಾನೇ ತರ್ತಾರೆ. ಆದ್ರೆ ಸ್ಟ್ರೋಕ್ ಆದ ಸುಮಾರು ಜನಕ್ಕೆ ಕೆಲವು ವಾರ ಕಳೆಯೋದ್ರೊಳಗೆ ಕೈ ಬಿಗಿಯಾಗಿ ಬೆರಳು ತಾವಾಗೇ ಮುಷ್ಟಿ ಕಟ್ಕೊಳ್ಳೋಕೆ ಶುರುವಾಗುತ್ತೆ, ಫಿಸಿಯೋದವರು ಸ್ಪಾಸ್ಟಿಸಿಟಿ ಅಂತಾರಲ್ಲ, ಅದು. ಮುಚ್ಚೋದು ಆ ಕೈಗೆ ಚೆನ್ನಾಗೇ ಬರುತ್ತೆ, ತೆರೆಯೋದು ಬರಲ್ಲ. ಹಾಗಾಗಿ ಬಾಲ್ ಪಕ್ಕಕ್ಕಿಡಿ.

ಮೊದಲು ಒಂದು ವಿಷಯ. ಪೆಟ್ಟು ಬಿದ್ದಿರೋದು ಮಿದುಳಿಗೆ, ಕೈಗಲ್ಲ. ಸತ್ತ ನರಕೋಶ ವಾಪಸ್ ಬರಲ್ಲ, ಆದ್ರೆ ಅದರ ಸುತ್ತಮುತ್ತ ಇರೋವು ಆ ಕೆಲಸ ಕಲಿತ್ಕೋತವೆ, ಅದೇ ಕೆಲಸ ನೂರಾರು ಸಲ ಮಾಡಿಸಿದ್ರೆ ಇನ್ನೂ ಚೆನ್ನಾಗಿ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ದಿನಕ್ಕೆ 400 ಸಲಕ್ಕಿಂತ ಜಾಸ್ತಿ ಮಾಡಿಸ್ತಾರೆ, ಆದ್ರೆ 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಸಂಶೋಧಕರು ಥೆರಪಿ ನಡೆಯೋ ಕಡೆ ಕೂತು ಎಣಿಸಿ ನೋಡಿದಾಗ ಒಂದು ಸೆಷನ್ನಲ್ಲಿ ಕೈಯಿಂದ ನಿಜವಾದ ಕೆಲಸ ಮಾಡಿಸಿದ್ದು ಸರಾಸರಿ 32 ಸಲ ಅಷ್ಟೆ. ಮಿಕ್ಕಿದ್ದು ಮನೇಲೇ ಆಗ್ಬೇಕು, ಬೇರೆ ದಾರಿ ಇಲ್ಲ.

ಶುರು ಮಾಡೋಕೆ ಡಾಕ್ಟರ್ ಹೂಂ ಅನ್ನಲಿ, ಬಿಪಿ ಹತೋಟಿಗೆ ಬರಲಿ. ಮೊದಲ 24 ಗಂಟೇಲೇ ಎಬ್ಬಿಸಿ ಕುಣಿಸೋ ಆತುರ ಬೇಡ. ಮೊದಲ ಮೂರು ತಿಂಗಳು ಸುಧಾರಣೆ ಜೋರು, ಆಮೇಲೆ ನಿಧಾನ, ಆದ್ರೆ ಬಾಗಿಲು ಮುಚ್ಚಿಹೋಗಲ್ಲ.

ಕೈಗಿಂತ ಮುಂಚೆ ಭುಜ ಕಾಪಾಡಿ. ಸ್ನಾಯು ಸಡಿಲ ಆದಾಗ ತೋಳಿನ ಭಾರಕ್ಕೇ ಭುಜದ ಕೀಲು ಕೆಳಗೆ ಜಾರುತ್ತೆ. ಹಾಸಿಗೆಯಿಂದ ಎಬ್ಬಿಸುವಾಗ ಆ ಕೈ ಹಿಡಿದು ಎಳೀಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಕೂತಾಗ ಮುಂಗೈ ಕೆಳಗೆ ದಿಂಬು ಇರಲಿ. ಬಾಗಿಲ ಮೇಲೆ ಹಗ್ಗ, ರಾಟೆ ಕಟ್ಟಿ ಒಳ್ಳೆ ಕೈಯಿಂದ ಸೋತ ಕೈನ ತಲೆ ಮೇಲೆ ಎಳೆಯೋದು ನಮ್ಮಲ್ಲಿ ಬಹಳ ಫೇಮಸ್ಸು, ಥೆರಪಿಸ್ಟ್ ಹೇಳದೆ ಅದನ್ನ ಮಾಡ್ಬೇಡಿ, ಭುಜದ ನೋವು ಬಂತು ಅಂದ್ರೆ ಎಲ್ಲ ವ್ಯಾಯಾಮನೂ ನಿಂತುಹೋಗುತ್ತೆ. ಇನ್ನು ಸ್ಪರ್ಶ ಗೊತ್ತಾಗದ ಕೈಗೆ ಬಿಸಿನೀರು ಹಾಕೋ ಮುಂಚೆ ಒಳ್ಳೆ ಕೈಯಲ್ಲಿ ಮುಟ್ಟಿ ನೋಡಿ.

ಈಗ ಏನೇನು ಉಳಿದಿದೆ ನೋಡಿ. ತೋಳು ಪಕ್ಕಕ್ಕೆ ಸ್ವಲ್ಪನಾದ್ರೂ ಏಳುತ್ತಾ, ಬೆರಳು ಸ್ವಲ್ಪನಾದ್ರೂ ಬಿಚ್ಕೊಳ್ಳುತ್ತಾ? ನೆದರ್ಲೆಂಡ್ಸ್‌ನಲ್ಲಿ 2010ರಲ್ಲಿ ಬಂದ ಅಧ್ಯಯನದ ಪ್ರಕಾರ ಮೊದಲ ಮೂರು ದಿನದಲ್ಲಿ ಇವೆರಡೂ ಚೂರು ಕಂಡವರಲ್ಲಿ ಆರು ತಿಂಗಳಿಗೆ ಕೈಚಳಕ ಅಷ್ಟಿಷ್ಟಾದ್ರೂ ಬರೋ ಸಾಧ್ಯತೆ 98%. ಕಾಣದವರದ್ದು ಕಷ್ಟ, ಆದ್ರೆ ಸೊನ್ನೆ ಏನಲ್ಲ.

ಏನೂ ಅಲ್ಲಾಡದ ಕೈಗೆ ಕನ್ನಡಿ ಇದೆ. ಟೇಬಲ್ ಮೇಲೆ ಎದೆ ನೇರಕ್ಕೆ, ಎರಡು ಕೈ ನಡುವೆ ಗೋಡೆ ಥರ ಕನ್ನಡಿ ನಿಲ್ಸಿ, ಅದರ ಮುಖ ಒಳ್ಳೆ ಕೈ ಕಡೆ ಇರಲಿ, ಸೋತ ಕೈ ಅದರ ಹಿಂದೆ ಮರೆಯಾಗಿರಲಿ, ಒಳ್ಳೆ ಕೈಯಿಂದ ಮುಷ್ಟಿ ಬಿಚ್ಚಿ ಮುಚ್ಚಿ ಮಾಡ್ತಾ ಕಣ್ಣು ಪೂರ್ತಿ ಕನ್ನಡಿ ಮೇಲೇ ಇಡಿ, ಸೋತ ಕೈಲೂ ಹಾಗೇ ಮಾಡೋಕೆ ಪ್ರಯತ್ನ ಪಡಿ. ನೋಡಿದ್ರೆ ಎರಡೂ ಕೈ ಆಡ್ತಿರೋ ಹಾಗೇ ಕಾಣುತ್ತೆ. ಕೈಕಾಲು ಕತ್ತರಿಸಿದವರ ಇಲ್ಲದ ಅಂಗದ ನೋವಿಗೆ ಅಂತ ವಿ.ಎಸ್. ರಾಮಚಂದ್ರನ್ ಅನ್ನೋ ನರವಿಜ್ಞಾನಿ ಮಾಡಿದ ಉಪಾಯ ಇದು, ಚೆನ್ನೈನಲ್ಲಿ ಡಾಕ್ಟರಿಕೆ ಓದಿದವರು. 1999ರಲ್ಲಿ ಬರೀ 9 ಜನ ಸ್ಟ್ರೋಕ್ ರೋಗಿಗಳ ಮೇಲೆ ನೋಡಿದ್ರು, ಆಮೇಲೆ ಬಂದ ಎಷ್ಟೋ ಅಧ್ಯಯನಗಳಲ್ಲೂ ಉಪಯೋಗ ಕಂಡಿದೆ. ಅರ್ಧ ಗಂಟೆ ಸಾಕು, ಖರ್ಚೂ ಇಲ್ಲ.

ಚೂರು ಚಲನೆ ಬಂತಾ, ತಕ್ಷಣ ಕೆಲಸಕ್ಕೆ ಹಚ್ಚಿ. ಟವೆಲ್ ಹಿಡಿದು ಟೇಬಲ್ ಒರೆಸೋದು, ಖಾಲಿ ಸ್ಟೀಲ್ ಲೋಟ ತಳ್ಳೋದು ಆಮೇಲೆ ಎತ್ತಿ ಇಡೋದು, ತಟ್ಟೆಯಿಂದ ಬಟ್ಟಲಿಗೆ ಕಡಲೆಕಾಯಿ ಹಾಕೋದು, ಚಪಾತಿ ಹಿಟ್ಟನ್ನ ಅಂಗೈ ಅಗಲಿಸಿ ತಟ್ಟೋದು, ಬಟ್ಟೆ ಕ್ಲಿಪ್ಪು, ಶರ್ಟ್ ಗುಂಡಿ. ಹಿಡಿಯೋದಕ್ಕಿಂತ ಬಿಡೋದು ಕಷ್ಟ, ಬಿಡೋದನ್ನೇ ಜಾಸ್ತಿ ಮಾಡಿಸಿ. ಬೆನ್ನು ಕುರ್ಚಿಗೆ ಅಂಟಿರಲಿ, ಯಾಕಂದ್ರೆ ಮೈ ಬಗ್ಗಿಸಿ ಭುಜ ಎತ್ತಿ ಲೋಟ ಮುಟ್ಟಿದ್ರೆ ಕೈ ಏನೂ ಕಲಿತಿಲ್ಲ ಅಂತಾನೇ ಅರ್ಥ. ಕ್ಯಾಲೆಂಡರ್ ಮೇಲೆ ಎಣಿಕೆ ಬರೀರಿ, ಹತ್ತರಲ್ಲಿ ಏಳೆಂಟು ಸಲೀಸಾಗಿ ಆದ್ರೆ ಲೋಟಕ್ಕೆ ನೀರು ಹಾಕಿ ಇಲ್ಲಾ ಕಡಲೆಕಾಯಿ ಬದಲು ಅವರೆಕಾಳು ಇಡಿ.

ಊಟದ ವಿಷಯ ಸ್ವಲ್ಪ ಸೂಕ್ಷ್ಮ. ಬಲಗೈ ಹೋದ್ರೆ ಎಡಗೈಯಲ್ಲಿ ಹೇಗೆ ಉಣ್ಣೋದು ಅಂತ ಮನೆಯವರೇ ಚಮಚದಲ್ಲಿ ತಿನ್ನಿಸ್ತಾರೆ, ಎಡಗೈ ಹೋದ್ರೆ ಅದಕ್ಕೇನು ಕೆಲಸ ಅಂತ ಮಡಿಲಲ್ಲೇ ಬಿಟ್ಟಿರ್ತಾರೆ, ಎರಡರಲ್ಲೂ ಕೈಗೆ ಅಭ್ಯಾಸ ಇಲ್ಲ. ಎಡಗೈಗೆ ತಟ್ಟೆ ಹಿಡಿಯೋದು, ನಲ್ಲಿ ತಿರುಗಿಸೋದು ಅಂತ ಡ್ಯೂಟಿ ಹಾಕಿ. ಬಲಗೈಗೆ ಊಟದ ಕೊನೇ ನಾಲ್ಕು ತುತ್ತು. ರಾಗಿಮುದ್ದೆ ಮುರಿದು ಉಂಡೆ ಕಟ್ಟೋದು ಬೆರಳಿಗೆ ಒಳ್ಳೆ ಕೆಲಸ, ಆದ್ರೆ ಮುದ್ದೆ ಅಗಿಯದೇ ನುಂಗೋದಲ್ವಾ, ಸ್ಟ್ರೋಕ್ ಆದವರಿಗೆ ನುಂಗೋದೇ ಕಷ್ಟ ಆಗಿರಬಹುದು, ಡಾಕ್ಟರ್ ಪರೀಕ್ಷೆ ಮಾಡಿ ಸರಿ ಅನ್ನೋವರೆಗೂ ಕಟ್ಟೋದು ಮಾತ್ರ, ತಿನ್ನೋದು ಬೇಡ.

ಕೈ ಆಡ್ತಾ ಇದ್ರೂ ಬಳಸ್ತಿಲ್ಲ ಅನ್ನೋರಿಗೆ ಎಡ್ವರ್ಡ್ ಟೌಬ್ ಅನ್ನೋ ಅಮೆರಿಕದ ವಿಜ್ಞಾನಿ ತೋರಿಸಿದ ದಾರಿ ಇದೆ: ಒಳ್ಳೆ ಕೈಯನ್ನೇ ಕಟ್ಟಿಹಾಕೋದು. 2006ರಲ್ಲಿ ಬಂದ 222 ಜನರ ಅಧ್ಯಯನದಲ್ಲಿ ಸುಮಾರು ಅರ್ಧ ಜನಕ್ಕೆ ಎರಡು ವಾರ, ಎಚ್ಚರ ಇರೋ ಹೊತ್ತಲ್ಲಿ 90% ಸಮಯ ಒಳ್ಳೆ ಕೈಗೆ ಗವಸು ಹಾಕಿಸಿ ಜೊತೆಗೆ ದಿನಾ ಥೆರಪಿ ಮಾಡಿಸಿದ್ರು, ಚೆನ್ನಾಗಿ ಸುಧಾರಿಸ್ತು, ಒಂದು ವರ್ಷ ಆದ್ಮೇಲೂ ಉಳೀತು. ಆದ್ರೆ ಮಣಿಕಟ್ಟು, ಬೆರಳು ಸ್ವಲ್ಪನಾದ್ರೂ ಮೇಲಕ್ಕೆ ಏಳೋರಿಗೆ ಮಾತ್ರ ಇದು. ಮನೇಲಿ ಕೂತು ಕೆಲಸ ಮಾಡೋವಾಗ ಒಂದೆರಡು ಗಂಟೆ ಒಳ್ಳೆ ಕೈಗೆ ಕಾಲುಚೀಲ ಹಾಕಿದ್ರೂ ಆಗುತ್ತೆ, ನಡೆಯುವಾಗ, ಮೆಟ್ಟಿಲಲ್ಲಿ, ಒಲೆ ಹತ್ರ ಬೇಡವೇ ಬೇಡ.

ಕೆಲವು ಕಡೆ ಪಾರಿವಾಳದ ರಕ್ತ ಹಚ್ತಾರೆ, ಯಾವ್ಯಾವುದೋ ಎಣ್ಣೆ ಉಜ್ಜಿಸೋಕೆ ಊರೂರು ಅಲೀತಾರೆ. ಎಣ್ಣೆ ಉಜ್ಜಿದ್ರೆ ಹಿತ ಅನಿಸಬಹುದು, ರಕ್ತದಿಂದ ಏನೂ ಆಗಲ್ಲ, ಬೆಲೆಬಾಳೋ ಆ ಮೂರು ತಿಂಗಳು ಮಾತ್ರ ಬಸ್ಸಲ್ಲೇ ಕಳೆದುಹೋಗುತ್ತೆ.

ಇಷ್ಟೆಲ್ಲ ಮಾಡಿಯೂ ಮುಷ್ಟಿ ಬಿಚ್ಚೋಕೇ ಆಗ್ತಿಲ್ಲ, ಅಂಗೈ ತೊಳೆಯೋದೂ ಕಷ್ಟ ಅಂದ್ರೆ ನ್ಯೂರಾಲಜಿಸ್ಟ್ ಹತ್ರ ಬೊಟುಲಿನಮ್ ಇಂಜೆಕ್ಷನ್ ಬಗ್ಗೆ ಕೇಳಿ. ಬಿಗಿ ಇಳಿಯುತ್ತೆ, ಆದ್ರೆ ಸುಮಾರು ಮೂರು ತಿಂಗಳು ಮಾತ್ರ, ಬೆಲೆನೂ ಜಾಸ್ತಿ. ಹಾಗಾಗಿ ಚುಚ್ಚಿಸ್ಕೊಂಡು ಬಂದು ಸುಮ್ನೆ ಕೂರ್ಬೇಡಿ, ಬೆರಳು ಬಿಚ್ಚೋ, ಲೋಟ ಬಿಡೋ ಅಭ್ಯಾಸ ಆ ಮೂರು ತಿಂಗಳಲ್ಲೇ ಡಬಲ್ ಮಾಡಿ.