ಈ ಇಗರ್ಜಿ ರೋಮಿಗೆ ಸೇರಿದ್ದೋ ಅಲ್ಲವೋ: ಗುರುತಿಸುವುದು ಹೇಗೆ?

ಕುಂಬಳೆ ಹತ್ತಿರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಯುರೋಪಿನ ಮತಸುಧಾರಣೆಯ ಪಾಠ ಬಂದರೆ ಮಕ್ಕಳು ಇಸವಿ ಬಾಯಿಪಾಠ ಮಾಡಿ ಸುಮ್ನಾಗುತ್ತಾರೆ. ಆದರೆ ರೋಮಿನ (ಅಂದರೆ ಪೋಪರ ಕಥೋಲಿಕ ಸಭೆಯ) ಜೊತೆ ಇದ್ದವರು, ಬಿಟ್ಟವರು, ಮತ್ತೆ ಸೇರಿದವರು ನಮ್ಮ ಕರಾವಳಿಯಲ್ಲೇ ಇದ್ದಾರಲ್ವಾ? ಅದಕ್ಕೇ ಈ ಪಾಠವನ್ನು ನಾನು ಇಗರ್ಜಿಯ ಬೋರ್ಡಿನಿಂದ ಶುರುಮಾಡುತ್ತೇನೆ. ನೀವೂ ಹಾಗೇ ಮಾಡಿ.

ಬೋರ್ಡಿನಲ್ಲಿ 'ಕಥೋಲಿಕ' ಅಂತ ಇದ್ದರೆ ಸಾಮಾನ್ಯವಾಗಿ ರೋಮಿನ ಕಡೆಯವರು. 'ಸುರಿಯಾನಿ' (ಸಿರಿಯಾಕ್ ಭಾಷೆಯ ಪೂಜೆಯ ಪರಂಪರೆ) ಅಂತಷ್ಟೇ ಕಂಡರೆ ತೀರ್ಮಾನಕ್ಕೆ ಬರಬೇಡಿ. ವೆಳ್ಳರಿಕುಂಡಿನ ಸೀರೋ ಮಲಬಾರ್ ಸಭೆಯವರ ಪೂಜೆ ಪೂರ್ವ ಸುರಿಯಾನಿ ಕ್ರಮದ್ದು, ಆದರೂ ಅವರು ಪೋಪರನ್ನು ಒಪ್ಪುತ್ತಾರೆ. ಬ್ರಹ್ಮಾವರದಲ್ಲಿ ಇದು ತಿರುಗುಮುರುಗು. 1886ರಲ್ಲಿ ರೋಮ್ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಗಿ ಅಲ್ಲಿನ ಇಗರ್ಜಿಗಳ ಹಿಡಿತ ಪೋರ್ಚುಗೀಸರಿಂದ ರೋಮಿನ ನೇರ ಕೈಗೆ ಬಂತು. ಅಲ್ಲಿನ ಕೆಲವು ಕೊಂಕಣಿ ಮನೆತನಗಳಿಗೆ ಅದು ಒಪ್ಪಿಗೆಯಾಗಲಿಲ್ಲ. 1889ರಲ್ಲಿ ಆರ್ಥೊಡಾಕ್ಸ್ (ಪೋಪರನ್ನು ಒಪ್ಪದ ಸುರಿಯಾನಿ ಸಭೆಯ) ಬಿಷಪ್ ಆದ ಗೋವಾದ ಪಾದ್ರಿ ಅಲ್ವಾರಿಸರ ಜೊತೆ ನಿಂತರು. ರೋಮನ್ನು ಬಿಟ್ಟರು, ರೋಮಿನದೇ ಆದ ಲ್ಯಾಟಿನ್ ಕ್ರಮದ ಪೂಜೆಯನ್ನು ಮಾತ್ರ ಬಹುಕಾಲ ಬಿಡಲಿಲ್ಲ.

ಹಾಗಾಗಿ ಪೂಜೆ ನೋಡಿ ಅಳೆಯಬೇಡಿ. ಇಲ್ಲಿನ ಬಿಷಪರಿಗೆ ಕೊನೆಯ ಒಪ್ಪಿಗೆ ಯಾರದ್ದು ಅಂತ ಕೇಳಿ. ನನ್ನ ಪ್ರಕಾರ ಇಡೀ ಚರಿತ್ರೆಯ ಬೀಗದ ಕೈ ಇದೇ. ಕೇಳಲು ಸಂಕೋಚವಾದರೆ ಬಲಿಪೂಜೆಯ ಹೊತ್ತಿಗೆ ಹಿಂದಿನ ಬೆಂಚಿನಲ್ಲಿ ಕೂತು ಕಿವಿಗೊಡಿ. ರೊಟ್ಟಿ, ದ್ರಾಕ್ಷಾರಸದ ಮುಂದೆ ಫಾದರ್ ದೊಡ್ಡ ಪ್ರಾರ್ಥನೆ ಹೇಳುವಾಗ ಈಗಿನ ಪೋಪರ ಹೆಸರು ಬರುತ್ತದೆ, ಆಮೇಲೆ ಬಿಷಪರದ್ದು. ಬೇಳದ ಇಗರ್ಜಿಯಲ್ಲಾದರೆ ಮಂಗಳೂರಿನ ಬಿಷಪರ ಹೆಸರು. ಊರು ಕೇರಳಕ್ಕೆ ಸೇರಿದರೂ ಧರ್ಮಪ್ರಾಂತ್ಯದ ಗಡಿ ಹಾಗೇ ಉಳಿದಿದೆ! ಪೋಪರನ್ನು ಒಪ್ಪದ ಇನ್ನೊಂದು ಸುರಿಯಾನಿ ಸಭೆಯವರಾದ ಯಾಕೋಬಾಯರಲ್ಲಿ ಪೋಪರ ಬದಲು ತಮ್ಮ ಸಭೆಯ ಮುಖ್ಯಸ್ಥರಾದ ಅಂತಿಯೋಕ್ಯದ ಪಿತೃಪ್ರಧಾನರ ಹೆಸರು ಕೇಳಿಸುತ್ತದೆ, ಆ ಪದವಿಗೆ ಬಂದವರೆಲ್ಲ ಇಟ್ಟುಕೊಳ್ಳುವ ಹೆಸರು ಇಗ್ನೇಷಿಯಸ್.

ಇದೇ ಪ್ರಶ್ನೆ ಹಿಡಿದು ಹಿಂದಕ್ಕೆ ಹೋಗಿ. ಇಂಗ್ಲೆಂಡಿನ 8ನೇ ಹೆನ್ರಿಗೆ 1521ರಲ್ಲಿ ಪೋಪರೇ 'ಧರ್ಮರಕ್ಷಕ' ಅಂತ ಬಿರುದು ಕೊಟ್ಟಿದ್ದರು. 1534ರಲ್ಲಿ ಅದೇ ಹೆನ್ರಿ ಅಲ್ಲಿನ ಸಭೆಗೆ ತಾನೇ ತಲೆ ಅಂತ ಕಾನೂನು ಮಾಡಿಸಿದ. ಮಕ್ಕಳು ಮದುವೆಯ ಕತೆಯಲ್ಲೇ ಸಿಕ್ಕಿಕೊಳ್ಳುತ್ತಾರೆ, ಅದನ್ನು ಬೇಗ ಮುಗಿಸಿ ಕೊಚ್ಚಿಯ ಮಟ್ಟಾಂಚೇರಿಗೆ ಬನ್ನಿ.

ಕೇರಳದ ನಸ್ರಾಣಿಗಳಿಗೆ (ಅಲ್ಲಿನ ಹಳೆಯ ಸುರಿಯಾನಿ ಕ್ರೈಸ್ತರಿಗೆ) ಹಿಂದೆ ಮೆಸೊಪೊಟೇಮಿಯದ, ಅಂದರೆ ಈಗಿನ ಇರಾಕ್ ಕಡೆಯ, ಪೂರ್ವ ಸಭೆಯಿಂದ ಬಿಷಪರು ಬರುತ್ತಿದ್ದರು. ಪೋರ್ಚುಗೀಸರು ಅದನ್ನು ತಡೆದರು. 1599ರಲ್ಲಿ ಗೋವಾದ ಆರ್ಚ್‌ಬಿಷಪ್ ಮೆನೆಜೆಸ್ ಉದಯಂಪೇರೂರಿನಲ್ಲಿ ಸಭೆ ಸೇರಿಸಿ ತಮ್ಮ ಕಟ್ಟಳೆ ಹೇರಿದರು. ಸಿಟ್ಟು ಕಟ್ಟೆಯೊಡೆದದ್ದು 1653ರ ಜನವರಿ 3ರಂದು. ಮಟ್ಟಾಂಚೇರಿಯಲ್ಲಿ ಸೇರಿದ್ದ ಜನ ಎಷ್ಟಿತ್ತೆಂದರೆ ಎಲ್ಲರ ಕೈಗೂ ಶಿಲುಬೆ ಎಟುಕುವಂತಿರಲಿಲ್ಲ. ಅದಕ್ಕೆ ಹಗ್ಗ ಕಟ್ಟಿ, ಹಗ್ಗ ಹಿಡಿದು, ಪೋರ್ಚುಗೀಸರ ಕಡೆಯ ಪಾದ್ರಿಗಳ ಮಾತು ಇನ್ನು ಕೇಳುವುದಿಲ್ಲ ಅಂತ ಆಣೆ ಮಾಡಿದರು ಎನ್ನುತ್ತಾರೆ. ಆಮೇಲೆ 12 ಪಾದ್ರಿಗಳು ತಮ್ಮ ಮುಖಂಡ ಅರ್ಚ್‌ಡೀಕನ್ ತೋಮನ ತಲೆ ಮೇಲೆ ಕೈಯಿಟ್ಟು ತಮ್ಮ ಬಿಷಪನನ್ನು ತಾವೇ ಮಾಡಿಕೊಂಡರು. ಮುಂದೆ ಬಹಳ ಮಂದಿ ರೋಮಿಗೆ ಮರಳಿದರು, ಉಳಿದವರು ಅಂತಿಯೋಕ್ಯದ ಕಡೆ ವಾಲಿದರು. 1930ರಲ್ಲಿ ಆರ್ಥೊಡಾಕ್ಸ್ ಕಡೆಯ ಬಿಷಪ್ ಮಾರ್ ಇವಾನಿಯೋಸ್ ಸುರಿಯಾನಿ ಕ್ರಮ ಉಳಿಸಿಕೊಂಡೇ ಮತ್ತೆ ರೋಮನ್ನು ಸೇರಿದರು.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಸಿ: ಒಪ್ಪಿಗೆ ಯಾರದ್ದು, ಪೂಜೆಯ ಕ್ರಮ ಯಾವುದು, ಯಾವಾಗಿನಿಂದ. ಮೂರನೆಯದಕ್ಕೆ ಇಗರ್ಜಿಯ ಜುಬಿಲಿ ಸ್ಮರಣ ಸಂಚಿಕೆ ಕೇಳಿ ನೋಡಿ. ಭಾನುವಾರ ಪೂಜೆಯ ಗಡಿಬಿಡಿಯಲ್ಲಿ ಬೇಡ, ವಾರದ ನಡುವೆ ಫೋನ್ ಮಾಡಿ ಹೋಗಿ. ಆರ್ಥೊಡಾಕ್ಸ್ ಮನೆಗಳಲ್ಲಿ ಮಾತ್ರ 'ನೀವು ಯಾಕೆ ಬಿಟ್ಟು ಹೋದಿರಿ' ಅಂತ ಮಕ್ಕಳಿಂದ ಕೇಳಿಸಬೇಡಿ. ಅವರ ಲೆಕ್ಕದಲ್ಲಿ ಹೊರಗಿಂದ ಬಂದು ಹೇರಿದ್ದು ರೋಮಿನವರು.