ಬಳ್ಳಿ ಗುಲಾಬಿ ಕೊಳ್ಳುವ ಮುಂಚೆ

ನರ್ಸರಿಯಲ್ಲಿ ಹೂವಿನ ಗಾತ್ರ ನೋಡಿ ಗಿಡ ಆರಿಸಬೇಡಿ, ಕೆಳಗಿನ ಎಲೆಗಳನ್ನು ನೋಡಿ. ಅಂಚು ಕೆದರಿದ ಕಪ್ಪು ಚುಕ್ಕೆ, ಅದರ ಸುತ್ತ ಹಳದಿ ಬಣ್ಣ ಕಂಡರೆ ಅಲ್ಲೇ ಬಿಟ್ಟುಬಿಡಿ. ಮಳೆಗಾಲದಲ್ಲಿ ಅಂಥ ಗಿಡ ಬೋಳಾಗುತ್ತದೆ.

ಯುರೋಪಿನವರಿಗೆ ಗಟ್ಟಿ ಗುಲಾಬಿ ಅಂದರೆ ಹಿಮ ತಡೆಯುವುದು. ನಮಗೆ ಬೇಕಾದ್ದು ಸೆಖೆ, ಮಳೆ ಎರಡನ್ನೂ ತಾಳುವ ತಳಿ. ಹಾಗಾಗಿ ಟೀ ಮತ್ತು ಚೀನಾ ಎಂಬ ಹಳೆಯ ಗುಲಾಬಿ ವರ್ಗಗಳನ್ನೇ ಹುಡುಕಿ ಅನ್ನುತ್ತೇನೆ. ಟೀ ಗುಲಾಬಿಗಳ ಮೂಲದಲ್ಲಿರುವ ರೋಸಾ ಜೈಗಾಂಟಿಯಾ ಎಂಬ ಕಾಡುಗುಲಾಬಿ ಮಣಿಪುರ, ಬರ್ಮಾದ ಬೆಟ್ಟಗಳ ಬಳ್ಳಿ. ಚಳಿಗಿಂತ ಬೆಚ್ಚಗಿನ ಹವೆಯೇ ಈ ವಂಶಕ್ಕೆ ಹಿತ. ಗೋಡೆಗೆ ಹಬ್ಬಿಸಲು 1917ರ ಕ್ಲೈಂಬಿಂಗ್ ಲೇಡಿ ಹಿಲ್ಲಿಂಗ್ಡನ್ ಎಂಬ ಟೀ ತಳಿ ನನ್ನ ಮೊದಲ ಆಯ್ಕೆ: ಜರ್ದಾಳು ಹಣ್ಣಿನ ಬಣ್ಣದ ಹೂ, ನೇರಳೆಗೆಂಪು ಚಿಗುರು. ಪೊದೆಗೆ ಓಲ್ಡ್ ಬ್ಲಶ್ ಎಂಬ ಚೀನಾ ಗುಲಾಬಿ ಸಾಕು, ಹೆಚ್ಚುಕಡಿಮೆ ವರ್ಷವಿಡೀ ಹೂ ಬಿಡುತ್ತದೆ.

ಬಳ್ಳಿಯ ಉದ್ದ ಕೊಂಬೆಗಳನ್ನು ನೆಟ್ಟಗೆ ಬಿಟ್ಟರೆ ತುದಿಯಲ್ಲಷ್ಟೇ ಹೂ. ಎಳೆಯದಿರುವಾಗಲೇ ಮೆಲ್ಲಗೆ ಬಾಗಿಸಿ ಅಡ್ಡಡ್ಡ ಕಟ್ಟಿ, ಗಿಣ್ಣು ಗಿಣ್ಣಿಗೂ ಚಿಗುರಿ ಮೊಗ್ಗು ಬರುತ್ತದೆ. ಇನ್ನೊಂದು ಮಾತು, ಕಸಿಯ ಗಂಟಿನ ಕೆಳಗಿಂದ ಬರುವ ಕಾಡು ಚಿಗುರನ್ನು ಕತ್ತರಿಸಬೇಡಿ, ಬುಡಸಮೇತ ಕಿತ್ತು ತೆಗೆಯಿರಿ.