ಟೆಸ್ಟ್‌ನಲ್ಲಿ 420 ಬಂತು, ಸರಿ: ಮೆಡಿಕಲ್‌ಗೆ ಮಗು ತಯಾರಾಗಿದೆಯೇ ಎಂದು ಅಳೆಯುವ ಬಗೆ

ಮಳವಳ್ಳಿ, ನಾಗಮಂಗಲ, ಪಾಂಡವಪುರದಿಂದ ಬಂದು ಮೈಸೂರಿನ ಹಾಸ್ಟೆಲ್‌ನಲ್ಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಓದುವ ಮಕ್ಕಳಿಗೆ ಮನೆಯಿಂದ ಫೋನ್ ಬಂದರೆ ಮೊದಲ ಪ್ರಶ್ನೆ, ‘ಟೆಸ್ಟ್‌ನಲ್ಲಿ ಎಷ್ಟು ಬಂತು?’ ಆ ಒಂದು ಅಂಕಿ ಹೇಳುವುದು ಬಹಳ ಕಡಿಮೆ. ಮೆಡಿಕಲ್ ಪ್ರವೇಶದ ನೀಟ್ ಪರೀಕ್ಷೆಯ ಮಾದರಿ ಟೆಸ್ಟ್‌ನಲ್ಲಿ ಇಬ್ಬರು ಮಕ್ಕಳಿಗೆ 720ಕ್ಕೆ 420 ಬಂದಿದೆ ಅಂದುಕೊಳ್ಳಿ. ಒಬ್ಬಳು 180 ಪ್ರಶ್ನೆಗೂ ಗುರುತು ಹಾಕಿ 120 ಸರಿ, 60 ತಪ್ಪು ಮಾಡಿದ್ದಾಳೆ. ಇನ್ನೊಬ್ಬನದು 108 ಸರಿ, 12 ತಪ್ಪು, 60 ಖಾಲಿ. ಸರಿಗೆ 4, ತಪ್ಪಿಗೆ ಮೈನಸ್ 1 ಲೆಕ್ಕದಲ್ಲಿ ಎರಡೂ 420. ಆದರೆ ಅವಳಿಗೆ ಓದಿದ್ದೇ ಗಟ್ಟಿಯಾಗಿಲ್ಲ. ಅವನಿಗೆ ಓದಿದ್ದು ಗಟ್ಟಿ, ಪಾಠ ಬಾಕಿ ಅಥವಾ ಕೈ ನಿಧಾನ. ಎರಡನೆಯದನ್ನು ನಾಲ್ಕು ತಿಂಗಳಲ್ಲಿ ಸರಿಪಡಿಸುವುದು ಸುಲಭ, ಮೊದಲನೆಯದು ಕಷ್ಟ.

ಆದ್ದರಿಂದ ಅಳತೆ ಡಿಸೆಂಬರ್ ರಜೆಯಲ್ಲೇ ಆಗಲಿ. ಕೋಚಿಂಗ್‌ನವರ ಪತ್ರಿಕೆ ಬೇಡ, ಹಿಂದಿನ ವರ್ಷಗಳ ಅಸಲಿ ನೀಟ್ ಪತ್ರಿಕೆಗಳು ಮೂರು ಸಾಕು, ವಾರಕ್ಕೊಂದು. ಒಂದು ವಿಷಯ ಗಮನದಲ್ಲಿರಲಿ: 2022ರಿಂದ 2024ರವರೆಗಿನ ಪತ್ರಿಕೆಗಳಲ್ಲಿ 200 ಪ್ರಶ್ನೆ, 200 ನಿಮಿಷ, ಪ್ರತಿ ವಿಷಯದ (ಬಾಟನಿ, ಜುವಾಲಜಿ ಬೇರೆಬೇರೆ) ‘ಬಿ’ ಭಾಗದಲ್ಲಿ 15ಕ್ಕೆ 10 ಬರೆಯುವ ಆಯ್ಕೆ ಇತ್ತು. 2025ರಿಂದ 180 ಪ್ರಶ್ನೆ, 180 ನಿಮಿಷ, ಆಯ್ಕೆ ಇಲ್ಲ. ಹಳೆಯ ಪತ್ರಿಕೆ ಕೊಡುವಾಗ ‘ಬಿ’ ಭಾಗದ ಮೊದಲ 10 ಪ್ರಶ್ನೆ ಮಾತ್ರ ಉಳಿಸಿ, ಮೂರೇ ಗಂಟೆ ಕೊಡಿ. 2024ರಲ್ಲಿ ಪಠ್ಯಕ್ರಮದಿಂದ ತೆಗೆದ ಘನಸ್ಥಿತಿ, ಪಾಲಿಮರ್‌ನಂಥ ಪಾಠಗಳ ಪ್ರಶ್ನೆ ಬಂದರೆ ಹೊಡೆದುಹಾಕಿ.

ಪರೀಕ್ಷೆ ಮಧ್ಯಾಹ್ನ 2ರಿಂದ 5ಕ್ಕೇ ಇರಲಿ. ಬೆಳಿಗ್ಗೆ ಚುರುಕಾಗಿರುವ ಮಗು ಊಟವಾದ ಮೇಲೆ 3.30ರ ಹೊತ್ತಿಗೆ ತೂಕಡಿಸುತ್ತದೆ, ಫಿಸಿಕ್ಸ್ ಕೆಡುವುದು ಅಲ್ಲೇ. ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯ ಜೆರಾಕ್ಸ್, ಕಪ್ಪು ಬಾಲ್ ಪೆನ್, ಗೋಡೆ ಗಡಿಯಾರ ಇಷ್ಟೇ. ಬಯಾಲಜಿಯ 90 ಪ್ರಶ್ನೆ 50 ನಿಮಿಷದೊಳಗೆ ಮುಗಿಯಬೇಕು. ಕೆಮಿಸ್ಟ್ರಿಗೆ 50, ಫಿಸಿಕ್ಸ್‌ಗೆ 65, ಉಳಿದ ಕಾಲು ಗಂಟೆ ಬಿಟ್ಟುಹೋದದ್ದಕ್ಕೆ. ಉತ್ತರ ಸಿಕ್ಕ ಕೂಡಲೇ ವೃತ್ತ ತುಂಬಲಿ. ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎನ್ನುವವರು ಒಂದು ಸಾಲು ತಪ್ಪಿದರೆ ಮುಂದಿನದೆಲ್ಲ ತಪ್ಪು.

ಅದೇ ರಾತ್ರಿ, ತಡವೆಂದರೆ ಮರುದಿನ, ಪ್ರತಿ ತಪ್ಪನ್ನೂ ಮಗುವೇ ನಾಲ್ಕು ಕಾಲಂಗಳಲ್ಲಿ ಬರೆಯಲಿ: ಪಾಠವೇ ಗೊತ್ತಿಲ್ಲ, ಎರಡು ಆಯ್ಕೆಯ ನಡುವೆ ಗೊಂದಲ, ಲೆಕ್ಕದಲ್ಲಿ ತಪ್ಪು, ಪ್ರಶ್ನೆ ಸರಿಯಾಗಿ ಓದಲಿಲ್ಲ. ‘ತಪ್ಪಾದ ಹೇಳಿಕೆ ಯಾವುದು’ ಎಂದು ಕೇಳಿದ್ದಕ್ಕೆ ಸರಿಯಾದ ಹೇಳಿಕೆ ಗುರುತಿಸಿದ್ದು ಕೊನೆಯ ಕಾಲಂಗೆ ಸೇರುತ್ತದೆ, ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು ಸೇರುತ್ತದೆ. ಗೊಂದಲದ ಕಾಲಂ ಉದ್ದವಾಗಿದ್ದರೆ ಮಗು ಎನ್‌ಸಿಇಆರ್‌ಟಿ ಪಠ್ಯಪುಸ್ತಕ ಬಿಟ್ಟು ಗೈಡು, ಕೋಚಿಂಗ್ ಮಾಡ್ಯೂಲುಗಳಲ್ಲೇ ಓದಿದೆ ಎಂದರ್ಥ. ಅಂದಾಜಿನ ಬಗ್ಗೆಯೂ ಹೇಳಿಬಿಡಬೇಕು: ಎರಡು ಆಯ್ಕೆ ಖಚಿತವಾಗಿ ತೆಗೆದು ಉಳಿದೆರಡರಲ್ಲಿ ಒಂದಕ್ಕೆ ಗುರುತು ಹಾಕಿದರೆ ಸರಾಸರಿ 1.5 ಅಂಕದ ಲಾಭ. ಕಣ್ಣು ಮುಚ್ಚಿ ಹಾಕಿದರೆ ಕಾಲು ಅಂಕ. ಕಾಲು ಅಂಕಕ್ಕೆ ಸಮಯ ಕೊಡಬೇಡಿ.

ಪತ್ರಿಕೆ ಹಿಡಿಯದ್ದನ್ನು ಬಾಯಿಮಾತು ಹಿಡಿಯುತ್ತದೆ. ಉಪನ್ಯಾಸಕರು ಹತ್ತು ನಿಮಿಷ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಲಿ. ನೇರ ಮೇಲಕ್ಕೆ ಎಸೆದ ಕಲ್ಲು ತುತ್ತತುದಿಯಲ್ಲಿದ್ದಾಗ ವೇಗೋತ್ಕರ್ಷ ಎಷ್ಟು? ‘ಸೊನ್ನೆ’ ಎಂದರೆ (ಆಗ ವೇಗ ಸೊನ್ನೆ, ವೇಗೋತ್ಕರ್ಷ ಕೆಳಮುಖವಾಗಿ 9.8 ಮೀ/ಸೆ² ಇದ್ದೇ ಇರುತ್ತದೆ) ಆ ಮಗು ಸೂತ್ರ ಕಲಿತಿದೆ, ಫಿಸಿಕ್ಸ್ ಕಲಿತಿಲ್ಲ. 9 ಗ್ರಾಂ ನೀರಿನಲ್ಲಿ ಹೈಡ್ರೋಜನ್ ಪರಮಾಣು ಎಷ್ಟು? ಅರ್ಧ ಮೋಲ್ ನೀರು, ಆದ್ದರಿಂದ ಒಂದು ಮೋಲ್ ಹೈಡ್ರೋಜನ್, 6.022 × 10²³. ಕಾಗದವಿಲ್ಲದೆ ಅರ್ಧ ನಿಮಿಷದಲ್ಲಿ ಬರಬೇಕು. ಮೂರನೆಯದು, ಮೂತ್ರಪಿಂಡದ ಸೂಕ್ಷ್ಮ ಘಟಕವಾದ ನೆಫ್ರಾನ್ ಚಿತ್ರ ನೆನಪಿನಿಂದ ಬರೆದು, ಹೆನ್ಲೆ ಲೂಪ್‌ನಲ್ಲಿ ನೀರನ್ನು ಹೊರಬಿಡದ ಭಾಗ ತೋರಿಸಲಿ. ಮೇಲೇರುವ ಭಾಗವನ್ನು ತೋರಿಸಿ ಕಾರಣವನ್ನೂ ಹೇಳಿದರೆ ಬಯಾಲಜಿಯ ಚಿಂತೆ ಬಿಡಿ.

ಅಂಕಕ್ಕೆ ಹೆದರುವುದಾಗಲಿ ಹಿಗ್ಗುವುದಾಗಲಿ ಬೇಡ, ರ‍್ಯಾಂಕ್ ನೋಡಿ. ಸಾಮಾನ್ಯ ವರ್ಗದ ಅರ್ಹತಾ ಅಂಕ 2024ರಲ್ಲಿ 162 ಇದ್ದದ್ದು 2025ರಲ್ಲಿ 144ಕ್ಕೆ ಇಳಿಯಿತು, ಪತ್ರಿಕೆ ಅಷ್ಟು ಕಠಿಣವಿತ್ತು. ಅರ್ಹತೆ ಬೇರೆ, ಸೀಟು ಬೇರೆ. ಅರ್ಹತಾ ಅಂಕಕ್ಕೆ ಸರ್ಕಾರಿ ಸೀಟು ಸಿಗುವುದಿಲ್ಲ. ಮೈಸೂರು ಮೆಡಿಕಲ್ ಕಾಲೇಜು, ಮಂಡ್ಯದ ಮಿಮ್ಸ್‌ನಲ್ಲಿ ಕಳೆದ ವರ್ಷ ನಿಮ್ಮ ವರ್ಗಕ್ಕೆ ಯಾವ ರ‍್ಯಾಂಕ್‌ವರೆಗೆ ಸೀಟು ಸಿಕ್ಕಿತು ಎಂಬುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿದೆ. ಮಗು ಬರೆದ ಪತ್ರಿಕೆ ಯಾವ ವರ್ಷದ್ದೋ ಆ ವರ್ಷದ ರ‍್ಯಾಂಕಿಗೇ ಅದರ ಅಂಕವನ್ನು ಹೋಲಿಸಿ, ಬೇರೆ ವರ್ಷದ್ದಕ್ಕಲ್ಲ.

ಪಿಯು ಪರೀಕ್ಷೆಯನ್ನು ಉಡಾಫೆ ಮಾಡುವಂತಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ 300ಕ್ಕೆ ಸಾಮಾನ್ಯ ವರ್ಗಕ್ಕೆ 150, ಮೀಸಲಾತಿಯವರಿಗೆ 120 ಬೇಕು, ಇಂಗ್ಲಿಷ್ ಪಾಸಾಗಿರಬೇಕು. ಪ್ರವೇಶದ ವರ್ಷ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು.

ಕಾಗದಪತ್ರದ ತಯಾರಿಯೂ ತಯಾರಿಯೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರಿನ ಇನಿಷಿಯಲ್ ಒಂದೇ ರೀತಿ ಇದೆಯೇ ನೋಡಿ. ಇಲ್ಲದಿದ್ದರೆ ಜನವರಿಯೊಳಗೆ ಆಧಾರ್ ತಿದ್ದಿಸಿ. ನಾಡಕಚೇರಿಯ ಜಾತಿ, ಆದಾಯ ಪತ್ರದ ಆರ್‌ಡಿ ಸಂಖ್ಯೆ ಕೆಇಎ ಅರ್ಜಿಗೆ ಬೇಕು. ರಾಜ್ಯದ 2ಎ, 3ಎ ವರ್ಗಗಳೂ ಕೇಂದ್ರದ ಒಬಿಸಿ ಪಟ್ಟಿಯೂ ಒಂದೇ ಅಲ್ಲ. ನೀಟ್ ಅರ್ಜಿಯಲ್ಲಿ ಕೇಳುವುದು ಕೇಂದ್ರದ್ದು, ಅದಕ್ಕೆ ಬೇರೆಯೇ ಪತ್ರ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರು, ಕನ್ನಡ ಮಾಧ್ಯಮದಲ್ಲಿ ಓದಿದವರು ಆಯಾ ವ್ಯಾಸಂಗ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಹಾಕಿಸಿಟ್ಟುಕೊಳ್ಳಲಿ. ಎರಡು ಶಾಲೆ ಬದಲಿಸಿದ್ದರೆ ಎರಡೂ ಕಡೆ ಓಡಾಡಬೇಕು.

ಅರ್ಜಿಯಲ್ಲಿ ಭಾಷೆ ಕೇಳುವಾಗ ಕನ್ನಡ ಆರಿಸಿದರೆ ಪತ್ರಿಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರುತ್ತದೆ, ಅನುವಾದದಲ್ಲಿ ಅನುಮಾನ ಬಂದರೆ ಇಂಗ್ಲಿಷ್‌ನಲ್ಲಿರುವುದೇ ಅಂತಿಮ. ಪಿಯುನಲ್ಲಿ ಎರಡು ವರ್ಷ ಇಂಗ್ಲಿಷ್‌ನಲ್ಲೇ ಓದಿದ ಮಗುವಿಗೆ ‘ವೇಗೋತ್ಕರ್ಷ’ ಓದಿ ಅರ್ಥ ಮಾಡಿಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಒಂದು ಪತ್ರಿಕೆಯಲ್ಲಿ ಪರೀಕ್ಷಿಸಿ, ಆಮೇಲೆ ಅರ್ಜಿಯಲ್ಲಿ ಭಾಷೆಗೆ ಗುರುತು ಹಾಕಿ.